ಟವೆಲ್ ಕೆಳಗಿನ ಕೈ

ಹಾವೇರಿಯ ದನದ ಸಂತೆಗೆ ನಾನು ಮೊದಲ ಸಲ ಹೋದಾಗ ಮೂರನೇ ಕ್ಲಾಸು. ಮನೆಯ ಜೋಡಿ ಎತ್ತಿನಲ್ಲಿ ಒಂದು ಸತ್ತಿತ್ತು, ಅಜ್ಜ ಇನ್ನೊಂದು ತರಬೇಕಿತ್ತು. ಎತ್ತಿನ ಹಲ್ಲು ನೋಡಿ, ಕಾಲು ನೋಡಿ, ನಾಕು ಹೆಜ್ಜೆ ನಡೆಸಿ ನೋಡಿ ಆದಮೇಲೆ ದಲಾಲ ತನ್ನ ಹೆಗಲ ಮೇಲಿನ ಟವೆಲ್ ತೆಗೆದು ಅಜ್ಜನ ಕೈ ಮೇಲೆ ಹೊದಿಸಿದ. ಅದರ ಕೆಳಗೆ ತನ್ನ ಕೈ ತೂರಿಸಿದ. ಮೇಲೆ ಇಬ್ಬರ ಬಾಯಿಯೂ ಮಳೆ ವಿಷಯ ಮಾತಾಡುತ್ತಿತ್ತು. ಕೆಳಗೆ ಬೆರಳುಗಳು ರೇಟು ಮಾತಾಡುತ್ತಿದ್ದವು. ಎಷ್ಟು ಬೆರಳು ಹಿಡಿದರು ಅನ್ನೋದು ಪಕ್ಕದಲ್ಲೇ ನಿಂತಿದ್ದ ನನಗೂ ಕಾಣಲಿಲ್ಲ.

"ಅಜ್ಜಾ, ಎಷ್ಟಕ್ಕಾತು?" ಅಂತ ಕೇಳಿದೆ.

"ಸುಮ್ನಿರಲೇ" ಅಂದ. ವಾಪಸ್ ಬರುವಾಗ ದಾರಿಯಲ್ಲಿ ಮಾತ್ರ ಹೇಳಿದ, "ಟವೆಲ್ ಕೆಳಗ ಏನಾತು ಅನ್ನೂದು ಇಬ್ರಿಗೇ ಗೊತ್ತಿರ್ತೈತಿ ನೋಡು. ಮೂರನೇದಂವ ಬರೇ ಲೆಕ್ಕ ಹಾಕ್ಕೋಂತ ನಿಂದರಬೇಕು."

ಎತ್ತು ಚೆನ್ನಾಗಿತ್ತು, ಬಹಳ ವರ್ಷ ದುಡಿಯಿತು. ಅದನ್ನು ಎಷ್ಟಕ್ಕೆ ತಂದ ಅನ್ನೋದನ್ನು ಅಜ್ಜ ಅಜ್ಜಿಗೂ ಹೇಳಲಿಲ್ಲ.

ಈ ಟವೆಲ್ ನನಗೆ ಮತ್ತೆ ನೆನಪಾದದ್ದು ಫೋನ್ ನೋಡುವಾಗ. ಯಾವುದೋ ದೇಶ ಇನ್ಯಾವುದೋ ದೇಶದ ಚುನಾವಣೆಯಲ್ಲಿ ಕೈ ಹಾಕಿತು, ನಕಲಿ ಅಕೌಂಟು ಹುಟ್ಟಿಸಿತು, ವಿಡಿಯೋ ಹರಿಬಿಟ್ಟಿತು ಅನ್ನೋ ಸುದ್ದಿ ಈಗ ಓದದ ದಿನ ಇಲ್ಲ. ಒಂದು ದೇಶವನ್ನು ಬಗ್ಗಿಸೋಕೆ ಸೈನ್ಯ ಕಳಿಸೋ ಕಾಲ ಮುಗಿದಿಲ್ಲ, ಉಕ್ರೇನ್ ಕಣ್ಣ ಮುಂದೇ ಇದೆ. ಆದರೆ ಸೈನ್ಯ ದುಬಾರಿ, ಮೆಸೇಜು ಅಗ್ಗ. ಅಷ್ಟಕ್ಕೂ ಇದನ್ನೆಲ್ಲ ಓದುವಾಗ ನನಗೆ ರಷ್ಯಾನೋ ಚೀನಾನೋ ನೆನಪಾಗೋದಿಲ್ಲ. ಈಜಿಪುರದ ಒಂದು ಪಿಜಿಯ ಅಡುಗೆಮನೆ ನೆನಪಾಗುತ್ತೆ.

2012ರ ಆಗಸ್ಟ್. ರಾಣೇಬೆನ್ನೂರಿನಲ್ಲಿ ಬಿ.ಇ. ಮುಗಿಸಿ ನಾನು ಬೆಂಗಳೂರಿಗೆ ಬಂದು ಒಂದು ವರ್ಷ ಆಗಿತ್ತು. ಒಂದು ರೂಮಿನಲ್ಲಿ ಮೂರು ಮಂಚ, ಒಂದೇ ಕಿಟಕಿ. ಪಿಜಿಯಲ್ಲಿ ಅಡುಗೆ ಮಾಡುತ್ತಿದ್ದವನು ಅಸ್ಸಾಮಿನ ಹುಡುಗ. ಹತ್ತೊಂಬತ್ತೋ ಇಪ್ಪತ್ತೋ ಇರಬೇಕು. ಅವನ ಚಪಾತಿ ದಪ್ಪ, ದಾಲ್ ತೆಳು, ಆದರೆ ರಾತ್ರಿ ಹನ್ನೊಂದಕ್ಕೆ ಬಂದರೂ ಬಿಸಿ ಮಾಡಿ ಕೊಡುತ್ತಿದ್ದ. ಒಮ್ಮೆ ಊರಿಂದ ಬರುವಾಗ ಅವ್ವ ಕಟ್ಟಿಕೊಟ್ಟ ಮೆಣಸಿನಪುಡಿಯ ಡಬ್ಬಿಯನ್ನು ಅವನಿಗೆ ಕೊಟ್ಟೆ. ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಗುಣ ನಿಮಗೆ ಗೊತ್ತಿರಬೇಕು, ಬಣ್ಣ ಜಾಸ್ತಿ, ಖಾರ ಕಡಿಮೆ. ಇವನೋ ಭೂತ್ ಜೊಲೊಕಿಯಾ ಬೆಳೆಯೋ ನಾಡಿನವನು. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ನಕ್ಕ. "ಭೈಯಾ, ಯೇ ತೋ ರಂಗ್ ಹೈ, ಮಿರ್ಚಿ ಕಹಾಂ ಹೈ?" ಆಮೇಲೆ ಎಲ್ಲಾ ಪಲ್ಯಕ್ಕೂ ಅದನ್ನೇ ಹಾಕಿ ಪಿಜಿಯ ಊಟವನ್ನೆಲ್ಲ ಕೆಂಪು ಮಾಡಿದ.

ಆ ಜುಲೈನಲ್ಲಿ ಅಸ್ಸಾಮಿನ ಕೋಕ್ರಝಾರ್ ಕಡೆ ಬೋಡೋಗಳಿಗೂ ಬಂಗಾಳಿ ಮಾತಾಡುವ ಮುಸ್ಲಿಮರಿಗೂ ಗಲಭೆಯಾಗಿ ಲಕ್ಷಾಂತರ ಜನ ಮನೆ ಬಿಟ್ಟಿದ್ದರು. ಅದರ ಬೆನ್ನಿಗೇ ಫೋಟೋಗಳು ಹರಿದಾಡತೊಡಗಿದವು, ಮ್ಯಾನ್ಮಾರಿನ ಮುಸ್ಲಿಮರ ಹತ್ಯೆ ಅಂತ. ಹೆಣಗಳ ಸಾಲಿನ ಮಧ್ಯೆ ಬೌದ್ಧ ಭಿಕ್ಕುಗಳು ನಿಂತಿರೋ ಒಂದು ಫೋಟೋ ಬಹಳ ಓಡಿತು. ಅದು 2010ರಲ್ಲಿ ಟಿಬೆಟ್ ಸೀಮೆಯಲ್ಲಿ ಆದ ಭೂಕಂಪದ್ದು. ಭಿಕ್ಕುಗಳು ಅಲ್ಲಿ ನಿಂತಿದ್ದದ್ದು ಸತ್ತವರ ಸಂಸ್ಕಾರಕ್ಕೆ. ಇದು ನಮಗೆ ಗೊತ್ತಾದದ್ದು ಎಲ್ಲಾ ಮುಗಿದ ಮೇಲೆ.

ಸ್ವಾತಂತ್ರ್ಯ ದಿನದ ಹಿಂದಿನ ರಾತ್ರಿ ನನ್ನ ಫೋನಿಗೆ ಒಂದು ಎಸ್ಸೆಮ್ಮೆಸ್ ಬಂತು. ಕಳಿಸಿದವನು ಆಫೀಸಿನ ಗೆಳೆಯ. ಈಶಾನ್ಯದವರ ಮೇಲೆ ರಂಜಾನ್ ಮುಗಿದ ಮೇಲೆ ದಾಳಿ ಆಗುತ್ತೆ, 20ನೇ ತಾರೀಖಿನೊಳಗೆ ಊರು ಬಿಡಲಿ, ನೀಲಸಂದ್ರದಲ್ಲಿ ಆಗಲೇ ಆಗಿದೆ, ನಿಮಗೆ ಗೊತ್ತಿರೋರಿಗೆಲ್ಲ ತಿಳಿಸಿ, ಹೀಗಿತ್ತು ಒಕ್ಕಣೆ. ನೀಲಸಂದ್ರ ನಮ್ಮಿಂದ ದೂರ ಇಲ್ಲ. ಬಾಲ್ಕನಿಗೆ ಹೋಗಿ ಹೊರಗೆ ಇಣುಕಿದೆ. ಬೀದಿ ಎಂದಿನಂತೇ ಇತ್ತು, ಪಾನಿಪೂರಿಯವನ ಮುಂದೆ ಜನ ನಿಂತಿದ್ದರು. ಅದನ್ನು ಕಣ್ಣಾರೆ ನೋಡಿಯೂ ನಾನು ನಂಬಿದ್ದು ಫೋನನ್ನು.

ಅಡುಗೆಮನೆಗೆ ಹೋಗಿ ಆ ಹುಡುಗನಿಗೆ ಮೆಸೇಜ್ ತೋರಿಸಿದೆ. ಒಳ್ಳೇದಕ್ಕೇ ತೋರಿಸಿದೆ, ಈಗಲೂ ಹಾಗೇ ಹೇಳಿಕೊಳ್ಳುತ್ತೇನೆ. ಅಂಥ ಮೆಸೇಜು ಅವನಿಗೆ ಅವತ್ತು ಹತ್ತಾದರೂ ಬಂದಿದ್ದವಂತೆ. ನಂಬಬೇಕೋ ಬೇಡವೋ ಅಂತ ಒದ್ದಾಡುತ್ತಿದ್ದನಂತೆ. ನನ್ನ ಫೋನ್ ನೋಡಿ, "ಭೈಯಾ, ನಿಮಗೂ ಬಂದಿದೆ ಅಂದಮೇಲೆ ನಿಜಾನೇ" ಅಂದ. ಇಂಗ್ಲಿಷ್ ಬರುವ, ಕುತ್ತಿಗೆಗೆ ಟ್ಯಾಗ್ ಹಾಕಿಕೊಂಡು ಕಂಪನಿಗೆ ಹೋಗುವ ಮನುಷ್ಯ ಹೇಳಿದ ಅಂದರೆ ಅದಕ್ಕೊಂದು ಮುದ್ರೆ ಬಿದ್ದ ಹಾಗೆ. ರೂಮಿಗೆ ಹೋಗಿ ಮಲಗುವ ಮುಂಚೆ ಅದನ್ನು ಇನ್ನೂ ನಾಲ್ಕು ಜನಕ್ಕೆ ಫಾರ್ವರ್ಡ್ ಮಾಡಿದೆ.

ಮರುದಿನ ಅವನು ಗಂಟು ಕಟ್ಟಿದ. ಪಿಜಿ ಮಾಲೀಕರ ಬಳಿ ಅರ್ಧ ತಿಂಗಳ ಪಗಾರ ಕೇಳಿದ. ಒಂದನೇ ತಾರೀಖು ಬಾ ಅಂದರು. ಒಂದನೇ ತಾರೀಖಿನ ತನಕ ಇರೋ ಧೈರ್ಯ ಇದ್ದಿದ್ದರೆ ಅವನು ಹೋಗುತ್ತಲೇ ಇರಲಿಲ್ಲವಲ್ಲ. ನಾನು ಆಟೋದಲ್ಲಿ ಸಿಟಿ ಸ್ಟೇಷನ್ನಿಗೆ ಬಿಟ್ಟೆ. ಅಂಥ ಸಾಲನ್ನು ನಾನು ಜಾತ್ರೆಯಲ್ಲೂ ನೋಡಿರಲಿಲ್ಲ. ಸೆಕ್ಯುರಿಟಿ ಯೂನಿಫಾರ್ಮ್ ಹಾಕಿಕೊಂಡೇ ಬಂದವರು, ಬ್ಯೂಟಿ ಪಾರ್ಲರ್ ಹುಡುಗಿಯರು, ಕಾಲೇಜಿನವರು. ಗುವಾಹಟಿಗೆ ವಿಶೇಷ ರೈಲು ಬಿಟ್ಟಿದ್ದರು. ಆಗಿನ ಮುಖ್ಯಮಂತ್ರಿ ಜಗದೀಶ ಶೆಟ್ಟರ್, ಗೃಹಮಂತ್ರಿ ಆರ್. ಅಶೋಕ ಇಬ್ಬರೂ ಭಯ ಬೇಡ, ರಕ್ಷಣೆ ಕೊಡುತ್ತೇವೆ ಅಂದರು. ಕೆಲವು ಮುಸ್ಲಿಂ ಸಂಘಟನೆಯವರೂ ಹೋಗಬೇಡಿ ಅಂತ ಕೇಳಿಕೊಂಡರು. ಯಾರೂ ನಿಲ್ಲಲಿಲ್ಲ. ಪುಣೆಯಲ್ಲಿ ಈಶಾನ್ಯದ ಕೆಲವರ ಮೇಲೆ ನಿಜವಾಗಿಯೂ ಹಲ್ಲೆ ಆಗಿತ್ತು, ಆ ಒಂದು ಹಿಡಿ ನಿಜದ ಮೇಲೆ ಸುಳ್ಳಿನ ರಾಶಿಯೇ ನಿಂತಿತ್ತು. ಇಪ್ಪತ್ತನೇ ತಾರೀಖು ಬಂತು, ಹೋಯಿತು. ಬೆಂಗಳೂರಿನಲ್ಲಿ ಏನೂ ಆಗಲಿಲ್ಲ.

ಸರ್ಕಾರ ಮಾಡಿದ್ದೇನು ಗೊತ್ತಾ? ಆಗಸ್ಟ್ 17ರಿಂದ ಹದಿನೈದು ದಿನ ದೇಶದಲ್ಲಿ ಯಾರೂ ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸೋ ಹಾಗಿಲ್ಲ ಅಂತ ಕೇಂದ್ರ ಆದೇಶ ಮಾಡಿತು. ಕೆಲವು ದಿನ ಎಲ್ಲರ ಬೆರಳೂ ಲೆಕ್ಕ ಹಾಕಿದವು. ಆಮೇಲೆ ಅದು ಇಪ್ಪತ್ತಕ್ಕೆ ಏರಿತು. ಇಂಟರ್ನೆಟ್ಟಿನಲ್ಲಿ ಮುನ್ನೂರರಷ್ಟು ಪುಟ, ವಿಡಿಯೋ, ಅಕೌಂಟುಗಳನ್ನು ಬ್ಲಾಕ್ ಮಾಡಿಸಿದರು. ಬೆಂಗಳೂರಿನದೇ ಆದ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿಯವರು ಆ ಪಟ್ಟಿ ಹಿಡಿದು ಕೂತು ನೋಡಿದರೆ, ಈ ಫೋಟೋ ಸುಳ್ಳು ಅಂತ ಬಿಡಿಸಿ ತೋರಿಸಿದ್ದ ಪುಟಗಳೂ ಅದರಲ್ಲಿದ್ದವು! ಕಳೆ ಕೀಳೋಕೆ ಹೋಗಿ ಪೈರನ್ನೂ ಕಿತ್ತ ಹಾಗೆ. ಹತ್ತಿದ ಬೆಂಕಿ ಆರಿಸುವಾಗ ನೀರು ಎಲ್ಲಿ ಬೀಳುತ್ತೆ ಅಂತ ನೋಡೋಕೆ ಆಗಲ್ಲ, ಒಪ್ಪುತ್ತೇನೆ. ಐದು ಮೆಸೇಜಿನ ಮಿತಿಯನ್ನು ನಾನು ಇವತ್ತಿಗೂ ಪೂರ್ತಿ ಬೈಯಲಾರೆ. ಆದರೆ ಆ ಹದಿನೈದು ದಿನ ದೇಶದ ಪ್ರತಿಯೊಬ್ಬನೂ ಶಂಕಿತ ಆಗಿದ್ದ ಅನ್ನೋದೂ ನಿಜ.

ಆ ಆದೇಶದ ಮರುದಿನ ಕೇಂದ್ರ ಗೃಹ ಕಾರ್ಯದರ್ಶಿ ಆರ್.ಕೆ. ಸಿಂಗ್ ಒಂದು ಮಾತು ಹೇಳಿದರು. ತಿರುಚಿದ ಆ ಫೋಟೋಗಳಲ್ಲಿ ಬಹುಪಾಲು ಪಾಕಿಸ್ತಾನದಿಂದ ಅಪ್‌ಲೋಡ್ ಆದವು ಅಂತ. ಪಾಕಿಸ್ತಾನ ಒಪ್ಪಲಿಲ್ಲ. ಟಿವಿಯಲ್ಲಿ ಅದನ್ನು ನೋಡಿದಾಗ ನನಗಾದದ್ದು ಸಿಟ್ಟಲ್ಲ ಮಾರಾಯ್ರೇ, ನಿರಾಳ. ಅಬ್ಬಾ, ನಾನಲ್ಲ, ಅವರು! ಆ ನಿರಾಳದಲ್ಲಿ ಎಷ್ಟೋ ವರ್ಷ ಕಳೆದೆ. ಫೋಟೋ ಗಡಿಯಾಚೆಯಿಂದಲೇ ಬಂದಿರಬಹುದು. ಆದರೆ ಬೀದಿ ಶಾಂತವಾಗಿದ್ದದ್ದನ್ನು ನೋಡಿದ ಮೇಲೂ ಬಾಲ್ಕನಿಯಿಂದ ಅಡುಗೆಮನೆ ತನಕದ ಕೊನೆಯ ಹದಿನೈದು ಅಡಿ ಅದನ್ನು ಹೊತ್ತುಕೊಂಡು ಹೋದವನು ನಾನು.

ವಿದೇಶಿ ಕೈ ಅನ್ನೋ ಮಾತು ನಮ್ಮ ದೇಶಕ್ಕೆ ಹೊಸದಲ್ಲ. ನಮ್ಮಪ್ಪನ ಕಾಲದವರಿಗೆ ಅದು ಇಂದಿರಾ ಗಾಂಧಿಯವರ ಭಾಷಣದಿಂದಲೇ ಪರಿಚಯ. ವಿದೇಶದ ದುಡ್ಡು ನಮ್ಮ ರಾಜಕೀಯದೊಳಗೆ ಬರಬಾರದು ಅಂತ ಎಫ್‌ಸಿಆರ್‌ಎ ಕಾಯ್ದೆ ಹುಟ್ಟಿದ್ದು 1976ರಲ್ಲಿ, ಅಂದರೆ ತುರ್ತು ಪರಿಸ್ಥಿತಿಯ ನಡುಮಧ್ಯೆ. ವಿರೋಧ ಪಕ್ಷದವರು ಜೈಲಿನಲ್ಲಿದ್ದಾಗ, ಪತ್ರಿಕೆಗಳಿಗೆ ಸೆನ್ಸಾರ್ ಇದ್ದಾಗ. ಹೊರಗಿನವರ ಕೈಯಿಂದ ಪ್ರಜಾಪ್ರಭುತ್ವ ಉಳಿಸುವ ಕಾನೂನನ್ನು, ಒಳಗೆ ಪ್ರಜಾಪ್ರಭುತ್ವಕ್ಕೆ ಬೀಗ ಹಾಕಿದ ಹೊತ್ತಲ್ಲಿ ಬರೆದದ್ದು. ಕಾನೂನಿನ ಉದ್ದೇಶ ತಪ್ಪಲ್ಲ. ಯಾರ ಹಣ, ಯಾರ ಮಾತು ಅಂತ ಕೇಳೋದು ನ್ಯಾಯವೇ.

ಇದನ್ನು ನಾನು ಕಲಿತದ್ದು ರಾಣೇಬೆನ್ನೂರಿನ ಬೀಜದ ಅಂಗಡಿಗಳಲ್ಲಿ. ಹೈಬ್ರಿಡ್ ಬೀಜದ ವ್ಯಾಪಾರಕ್ಕೆ ಆ ಊರು ಹೆಸರುವಾಸಿ. ಕಾಲೇಜಿನಿಂದ ಊರಿಗೆ ಹೋಗುವಾಗ ಅಪ್ಪನಿಗೆ ಬೀಜ ಒಯ್ಯೋದು ನನ್ನ ಕೆಲಸ. ಪ್ಯಾಕೆಟ್ಟಿನ ಮೇಲೆ ಒಂದು ಚೀಟಿ ಇರುತ್ತೆ, ಸರ್ಕಾರ ಪ್ರಮಾಣೀಕರಿಸಿದ್ದಕ್ಕೆ ನೀಲಿ, ಪ್ರಮಾಣೀಕರಿಸದೆ ಕಂಪನಿಯೇ ಜವಾಬ್ದಾರಿ ಹೊತ್ತದ್ದಕ್ಕೆ ತಿಳಿಹಸಿರು. ಆ ಎರಡನೆಯದಕ್ಕೆ 'ಟ್ರುತ್‌ಫುಲ್ ಲೇಬಲ್' ಅಂತಲೇ ಹೆಸರು! ತಳಿ ಯಾವುದು, ನೂರಕ್ಕೆ ಎಷ್ಟು ಮೊಳೆಯುತ್ತೆ, ಯಾರು ಮಾಡಿದ್ದು, ಯಾವ ಲಾಟ್ ಅಂತೆಲ್ಲ ಅದರಲ್ಲಿ ಬರೆದಿರಬೇಕು. ಲೇಬಲ್ ಇದ್ದ ಮಾತ್ರಕ್ಕೆ ಬೀಜ ಮೊಳೆಯುತ್ತೆ ಅಂತೇನಿಲ್ಲ, ಅಪ್ಪ ಎರಡು ಸಲ ಮೋಸ ಹೋಗಿದ್ದಾನೆ. ಆದರೆ ಮೊಳೆಯದೇ ಹೋದರೆ ಯಾರ ಮನೆ ಬಾಗಿಲಿಗೆ ಹೋಗಬೇಕು ಅನ್ನೋದು ಗೊತ್ತಿರುತ್ತೆ. ಮೆಸೇಜಿಗೆ ಅಂಥ ಚೀಟಿ ಇಲ್ಲ.

ಬೇರೆ ದೇಶಗಳವರು ಈ ಚೀಟಿ ಅಂಟಿಸೋಕೆ ಪ್ರಯತ್ನ ಮಾಡಿದ್ದಾರೆ. ಅಮೆರಿಕ 1938ರಲ್ಲೇ, ನಾಜಿಗಳ ಪ್ರಚಾರ ನೋಡಿ, ವಿದೇಶಿ ಸರ್ಕಾರದ ಪರ ಕೆಲಸ ಮಾಡುವವರು ಹೆಸರು ನೋಂದಾಯಿಸಬೇಕು ಅಂತ ಕಾನೂನು ಮಾಡಿತು. ಆಸ್ಟ್ರೇಲಿಯಾದಲ್ಲಿ ಸ್ಯಾಮ್ ದಸ್ತ್ಯಾರಿ ಅನ್ನೋ ಸೆನೆಟರ್, ಚೀನಾ ನಂಟಿನ ದಾನಿಯೊಬ್ಬರ ಜೊತೆಗಿನ ಸಂಬಂಧದ ಗದ್ದಲದಲ್ಲಿ ರಾಜೀನಾಮೆ ಕೊಡಬೇಕಾಯಿತು. ಮರುವರ್ಷ, 2018ರಲ್ಲಿ, ಅಲ್ಲೂ ಅಂಥದೇ ಕಾನೂನು ಬಂತು. ಇಲ್ಲಿತನಕ ಸರಿ. ಆದರೆ ಇದೇ ಚೀಟಿಯನ್ನು ರಷ್ಯಾವೂ ಅಂಟಿಸಿತು, ಅದೂ ನಾವು ಸ್ಟೇಷನ್ನಿನಲ್ಲಿ ನಿಂತಿದ್ದ ಅದೇ 2012ರಲ್ಲಿ. 'ವಿದೇಶಿ ಏಜೆಂಟ್' ಅನ್ನೋ ಪಟ್ಟ ಕಟ್ಟಿ ಕಟ್ಟಿ, ಸ್ಟಾಲಿನ್ ಕಾಲದಲ್ಲಿ ಸತ್ತವರ ಲೆಕ್ಕ ಇಟ್ಟಿದ್ದ ಮೆಮೋರಿಯಲ್ ಅನ್ನೋ ಸಂಸ್ಥೆಯನ್ನು 2021ರ ಕೊನೆಗೆ ಕೋರ್ಟಿನ ಮೂಲಕ ಮುಚ್ಚಿಸಿದರು. 2024ರಲ್ಲಿ ಜಾರ್ಜಿಯಾ ದೇಶ ಅದೇ ದಾರಿ ಹಿಡಿದಾಗ ಟಿಬಿಲಿಸಿಯ ಬೀದಿಯಲ್ಲಿ ಜನ ವಾರಗಟ್ಟಲೆ ನಿಂತರು. ಲೇಬಲ್ ಒಂದೇ. ಆದರೆ ಅಂಟಿಸೋನು ತಪ್ಪು ಮಾಡಿದರೆ ಅದನ್ನು ಕಿತ್ತು ಹಾಕೋ ಕೋರ್ಟು, ಪತ್ರಿಕೆ, ವಿರೋಧ ಪಕ್ಷ ಅಲ್ಲಿ ಉಸಿರಾಡುತ್ತಿವೆಯಾ ಅನ್ನೋದರ ಮೇಲೆ ಅದರ ಅರ್ಥ ಬದಲಾಗುತ್ತೆ.

ನಮ್ಮದನ್ನೂ ನೋಡಬೇಕಲ್ಲ. ವಿದೇಶಿ ಮೂಲದ ಕಂಪನಿಗಳಿಂದ ದೇಣಿಗೆ ಪಡೆದು ಕಾಂಗ್ರೆಸ್ಸು, ಬಿಜೆಪಿ ಎರಡೂ ಎಫ್‌ಸಿಆರ್‌ಎ ಮುರಿದಿವೆ ಅಂತ 2014ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಆಮೇಲೆ ಏನಾಯಿತು? ಸಂಸತ್ತು 2016ರಲ್ಲಿ ಒಮ್ಮೆ, 2018ರಲ್ಲಿ ಇನ್ನೊಮ್ಮೆ ಬಜೆಟ್ಟಿನ ಜೊತೆಗಿನ ಹಣಕಾಸು ಮಸೂದೆಯಲ್ಲೇ ಆ ಕಾನೂನಿನ ವ್ಯಾಖ್ಯೆ ಬದಲಿಸಿ, 1976ರಿಂದಲೇ ಹಾಗಿತ್ತು ಅಂತ ಮಾಡಿತು. ಗಂಟಲು ಹರಿಯೋ ಹಾಗೆ ಜಗಳ ಆಡೋ ಪಕ್ಷಗಳು ಇಂಥ ವಿಷಯದಲ್ಲಿ ಎಷ್ಟು ಅನ್ಯೋನ್ಯ ನೋಡಿ. ಅದೇ 2018ರಲ್ಲಿ ಚುನಾವಣಾ ಬಾಂಡ್ ಬಂತು. ಯಾರು ಯಾವ ಪಕ್ಷಕ್ಕೆ ಎಷ್ಟು ಕೊಟ್ಟರು ಅನ್ನೋದು ಮತದಾರನಿಗೆ ಕಾಣೋ ಹಾಗಿಲ್ಲ. ಅದು ಕಾನೂನೇ ಹೊದಿಸಿದ ಟವೆಲ್. ಸುಪ್ರೀಂ ಕೋರ್ಟ್ 2024ರ ಫೆಬ್ರವರಿ 15ರಂದು ಅದನ್ನು ಎಳೆದು ಹಾಕಿತು. ಪಟ್ಟಿ ಹೊರಬಂದ ದಿನ ನಮ್ಮ ಆಫೀಸಿನಲ್ಲಿ ಅರ್ಧ ಜನ ಕೆಲಸ ಬಿಟ್ಟು ಎಕ್ಸೆಲ್ ಶೀಟ್ ಮಾಡುತ್ತಾ ಕೂತಿದ್ದರು. ಬೆಂಗಳೂರಿನ ಐಟಿಯವರು ಪ್ರಜಾಪ್ರಭುತ್ವಕ್ಕೆ ಸಲ್ಲಿಸಿದ ಸೇವೆಯಲ್ಲಿ ಇದೂ ಒಂದು ಅಂತ ಬರೆದಿಡಿ.

ಟವೆಲ್ ಎಳೆಯೋ ವಿಷಯದಲ್ಲಿ ನಮ್ಮ ಜಿಲ್ಲೆಯ ಹೆಸರು ಕಾನೂನಿನ ಪುಸ್ತಕದಲ್ಲೇ ಇದೆ, ಇದನ್ನು ಸ್ವಲ್ಪ ಜಂಬದಿಂದಲೇ ಹೇಳುತ್ತೇನೆ. ಎಸ್.ಆರ್. ಬೊಮ್ಮಾಯಿ ಕಾರಡಗಿಯವರು. ಆಗ ಧಾರವಾಡ ಜಿಲ್ಲೆ, ಈಗ ಹಾವೇರಿ. 1989ರ ಏಪ್ರಿಲಿನಲ್ಲಿ ಅವರ ಸರ್ಕಾರಕ್ಕೆ ಬಹುಮತ ಇಲ್ಲ ಅಂತ ರಾಜ್ಯಪಾಲರು ದೆಹಲಿಗೆ ಬರೆದರು. ಸದನದಲ್ಲೇ ಎಣಿಸಿ ನೋಡಿ ಅಂತ ಬೊಮ್ಮಾಯಿ ಕೇಳಿಕೊಂಡರು. ಅವಕಾಶ ಸಿಗಲಿಲ್ಲ, ಏಪ್ರಿಲ್ 21ಕ್ಕೆ ಸರ್ಕಾರ ವಜಾ. ಅವರು ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪಿನಿಂದ ಬಂದ ಪಾಠ ಇಷ್ಟೇ, ಬಹುಮತ ಇದೆಯೋ ಇಲ್ಲವೋ ಅನ್ನೋದನ್ನು ರಾಜಭವನದ ಕೋಣೆಯಲ್ಲಲ್ಲ, ಎಲ್ಲರ ಕಣ್ಣೆದುರು ಸದನದಲ್ಲಿ ನೋಡಬೇಕು. ಬೊಮ್ಮಾಯಿಯವರಿಗೆ ಕುರ್ಚಿ ವಾಪಸ್ ಬರಲಿಲ್ಲ. ಆದರೆ ಆಮೇಲೆ ಬಂದ ಎಷ್ಟೋ ಮುಖ್ಯಮಂತ್ರಿಗಳು, ಎಲ್ಲಾ ಪಕ್ಷದವರೂ, ಅವರ ಹೆಸರಿನ ನೆರಳಲ್ಲಿ ನಿಂತಿದ್ದಾರೆ.

ಹಣದ ವಿಷಯಕ್ಕೆ, ಬಹುಮತದ ವಿಷಯಕ್ಕೆ ಹೀಗೆ ಎಣಿಸಿ ನೋಡಬಹುದು. ಸುದ್ದಿಯ ವಿಷಯಕ್ಕೆ ಏನು ಮಾಡೋದು? ರೊಮೇನಿಯಾದಲ್ಲಿ 2024ರ ನವೆಂಬರಿನಲ್ಲಿ ಅಧ್ಯಕ್ಷ ಚುನಾವಣೆಯ ಮೊದಲ ಸುತ್ತು ಮುಗಿದಾಗ, ಅಷ್ಟೇನೂ ಗೊತ್ತಿಲ್ಲದಿದ್ದ ಒಬ್ಬ ಅಭ್ಯರ್ಥಿ ಟಿಕ್‌ಟಾಕ್ ಪ್ರಚಾರದ ಬಲದಲ್ಲಿ ಮೊದಲ ಸ್ಥಾನಕ್ಕೆ ಬಂದಿದ್ದ. ಅಲ್ಲಿನ ಸಾಂವಿಧಾನಿಕ ಕೋರ್ಟ್ ಡಿಸೆಂಬರ್ 6ರಂದು ಇಡೀ ಚುನಾವಣೆಯನ್ನೇ ರದ್ದು ಮಾಡಿತು. ಮತ್ತೆ 2025ರ ಮೇನಲ್ಲಿ ಮತದಾನ. ಕೋರ್ಟು ಮಾಡಿದ್ದು ಸರಿಯೋ ತಪ್ಪೋ ಅಂತ ನಾನು ಗೆಳೆಯರ ಜೊತೆ ವಾದ ಮಾಡಿ ಮಾಡಿ ಸುಸ್ತಾಗಿದ್ದೇನೆ. ವೋಟು ಹಾಕಿದವರು ನಿಜವಾದ ಮನುಷ್ಯರೇ ಅಲ್ವಾ? ಇನ್ನು ನಮ್ಮಲ್ಲಿ, ಕೇಂದ್ರ ಸರ್ಕಾರದ ಬಗ್ಗೆ ಬಂದ ಸುದ್ದಿ ಸುಳ್ಳೋ ನಿಜವೋ ಅಂತ ಕೇಂದ್ರ ಸರ್ಕಾರದ್ದೇ ಒಂದು ಘಟಕ ಹೇಳುತ್ತೆ ಅನ್ನೋ ನಿಯಮ 2023ರಲ್ಲಿ ಬಂತು. ಬಾಂಬೆ ಹೈಕೋರ್ಟ್ ಮರುವರ್ಷ ಅದನ್ನು ಹೊಡೆದು ಹಾಕಿತು. ತೂಗೋನೇ ತಕ್ಕಡಿ ಇನ್ಸ್‌ಪೆಕ್ಟರ್ ಆದರೆ ಹೇಗೆ? ಕರ್ನಾಟಕ ಸರ್ಕಾರವೇನು ಕಡಿಮೆ ಇಲ್ಲ, ಸುಳ್ಳು ಸುದ್ದಿಗೆ ಏಳು ವರ್ಷದವರೆಗೆ ಜೈಲು ಅನ್ನೋ ಕರಡು 2025ರ ಜೂನಿನಲ್ಲಿ ಹೊರಬಿತ್ತು. ಅದು ಓದಿದಾಗ ನಾನು ಲೆಕ್ಕ ಹಾಕಿದ್ದು, 2012ರ ನನ್ನ ನಾಲ್ಕು ಫಾರ್ವರ್ಡಿಗೆ ಎಷ್ಟು ವರ್ಷ ಆಗುತ್ತಿತ್ತು ಅಂತ.

ಈಗ ನಮ್ಮೂರಿಗೆ ಬರುತ್ತೇನೆ, ಬ್ಯಾಡಗಿ ತಾಲೂಕು.

ಕಳೆದ ಫೆಬ್ರವರಿಯಲ್ಲಿ ವರ್ಕ್ ಫ್ರಮ್ ಹೋಮ್ ಅಂತ ಹತ್ತು ದಿನ ಊರಲ್ಲಿದ್ದೆ. ಮೆಣಸಿನಕಾಯಿ ಕಣದಲ್ಲಿ ಒಣಗುತ್ತಿತ್ತು. ಅವತ್ತು ಊರಿನ ಗ್ರೂಪಿಗೆ ಒಂದು ಆಡಿಯೋ ಬಂತು. ಯಾರದೋ ದನಿ, ನಮ್ಮ ಕಡೆಯದೇ ಮಾತು. ಮುಂದಿನ ಸೋಮವಾರದಿಂದ ಹದಿನೈದು ದಿನ ಮಾರ್ಕೆಟ್ ಬಂದ್, ವ್ಯಾಪಾರಸ್ಥರು ಖರೀದಿ ನಿಲ್ಲಿಸ್ತಾರೆ, ರೇಟು ನೆಲಕ್ಕೆ ಬೀಳುತ್ತೆ, ಕೈಯಲ್ಲಿದ್ದದ್ದನ್ನು ಈಗಲೇ ಕೊಟ್ಟುಬಿಡಿ. ಜನ ನಂಬೋಕೆ ಕಾರಣ ಇತ್ತು. 2024ರ ಮಾರ್ಚ್ 11ರ ಸೋಮವಾರ ದರ ಕುಸಿದಾಗ ಬ್ಯಾಡಗಿ ಎಪಿಎಂಸಿಯಲ್ಲಿ ಆದದ್ದು ಎಲ್ಲರಿಗೂ ನೆನಪಿದೆ, ವಾಹನಗಳು ಸುಟ್ಟು ಕರಕಲಾದವು, ಕಚೇರಿಗೆ ಬೆಂಕಿ ಬಿತ್ತು. ಆ ಹೊಗೆ ನೋಡಿದವರಿಗೆ ಮಾರ್ಕೆಟ್ ಬಂದ್ ಅನ್ನೋದು ಅಸಾಧ್ಯದ ಮಾತೇನಲ್ಲ. ನಮ್ಮ ಓಣಿಯ ಒಬ್ಬರು ಅವತ್ತೇ ಮನೆ ಬಾಗಿಲಿಗೆ ಬಂದ ಖರೀದಿದಾರನಿಗೆ ಕಡಿಮೆ ರೇಟಿಗೆ ಚೀಲ ಏರಿಸಿ ಕಳಿಸಿದರು.

ನಾನು ಲ್ಯಾಪ್‌ಟಾಪ್ ಮುಚ್ಚಿ ಅಪ್ಪನಿಗೆ ಸುಳ್ಳು ಸುದ್ದಿ ಗುರುತಿಸೋದು ಹೇಗೆ ಅಂತ ಪಾಠ ಶುರು ಮಾಡಿದೆ. ಅಪ್ಪ ಅರ್ಧ ಕೇಳಿ ಕೈ ಎತ್ತಿದ.

"ಇದನ್ನ ಹೇಳಾಂವ ಮಾರಾಂವನೋ, ಕೊಳ್ಳಾಂವನೋ? ಮೊದಲ ಅದನ್ನ ಹೇಳು."

ನನಗೆ ಗೊತ್ತಿರಲಿಲ್ಲ. ಅಪ್ಪ ಮೂರು ಫೋನ್ ಮಾಡಿದ. ಮೊದಲನೇದು ದಲಾಲಿ ಅಂಗಡಿಯ ಗುಮಾಸ್ತನಿಗೆ. ಎರಡನೇದು ಮೋಟೆಬೆನ್ನೂರಿನ ಗೆಳೆಯನಿಗೆ, ಅವರು ಕೋಲ್ಡ್ ಸ್ಟೋರೇಜಿನಲ್ಲಿ ಹಳೇ ಮಾಲು ಇಟ್ಟವರು. ಮೂರನೇದು ಯಾರ್ಡಿನ ಮುಂದಿನ ಚಹಾದಂಗಡಿಗೆ. ಚಹಾದಂಗಡಿಗೆ ಯಾಕೆ ಅಂದೆ.

"ರೇಟ್ ಏರಲಿ ಇಳೀಲಿ, ಅಂವ ಚಾ ಅಷ್ಟಕ್ಕ ಮಾರ್ತಾನ. ಅಂವಗ ಸುಳ್ಳ ಹೇಳಿ ಏನಾಗಬೇಕಾಗೇತಿ?"

ಚಹಾದಂಗಡಿಯವರು, ಬಂದ್ ಅಂತ ಯಾರೂ ಹೇಳಿಲ್ಲ, ಹಮಾಲರು ಸೋಮವಾರದ ಲೆಕ್ಕದಲ್ಲೇ ಇದ್ದಾರೆ ಅಂದರು. ಅಪ್ಪ ಕಾಯಿ ಕೊಡಲಿಲ್ಲ. ಸೋಮವಾರ ಟೆಂಡರ್ ಎಂದಿನಂತೇ ನಡೆಯಿತು. ಆಡಿಯೋ ಯಾರದು, ಅದರಿಂದ ಯಾರಿಗೆ ಲಾಭ ಆಯಿತು, ಅದು ಟವೆಲ್ ಕೆಳಗೇ ಉಳಿಯಿತು.

ನಾನು ಆ ರಾತ್ರಿ ಖುಷಿಯಲ್ಲಿದ್ದೆ. ತೈವಾನಿನಲ್ಲಿ ಕೋಫ್ಯಾಕ್ಟ್ಸ್ ಅಂತ ಒಂದಿದೆ. ಅಲ್ಲಿನ ಜನ ನಮ್ಮ ವಾಟ್ಸಾಪಿನ ಹಾಗೆ ಲೈನ್ ಅನ್ನೋ ಆ್ಯಪ್ ಬಳಸುತ್ತಾರೆ. ಅನುಮಾನದ ಮೆಸೇಜು ಬಂದರೆ ಆ ಬಾಟ್‌ಗೆ ಕಳಿಸಿದರಾಯಿತು, ಸ್ವಯಂಸೇವಕರು ಹುಡುಕಿ, ಆಧಾರ ಕೊಟ್ಟು ಉತ್ತರ ಬರೆದಿಡುತ್ತಾರೆ. ಸರ್ಕಾರ ಮಾಡಿದ್ದಲ್ಲ, 2016ರಲ್ಲಿ ನಮ್ಮಂಥ ಕೋಡ್ ಬರೆಯೋರು ಶುರು ಮಾಡಿದ್ದು. ಚೀನಾದ ಪಕ್ಕದಲ್ಲೇ ಕೂತು ದಿನಾ ಇಂಥ ಮಾಲನ್ನು ಎದುರಿಸೋ ದೇಶ ಅದು. ಅವರು 2016ರಲ್ಲಿ ಬರೆದ ಸಾಫ್ಟ್‌ವೇರು ನಮ್ಮಪ್ಪನ ತಲೆಯಲ್ಲಿ ಮೊದಲಿಂದಲೂ ಇದೆ ಅಂತ ಒಂದು ಪೋಸ್ಟ್ ಬರೆಯೋಣ ಅಂದುಕೊಂಡೆ. ತಲೆಬರಹವೂ ಹೊಳೆದಿತ್ತು.

ಎರಡು ದಿನ ಬಿಟ್ಟು ಅಪ್ಪ ಕಟ್ಟೆ ಮೇಲೆ ಕೂತು ಫೋನ್ ನೋಡುತ್ತಿದ್ದ. ಒಂದು ವಿಡಿಯೋ. ಒಂದಷ್ಟು ಜನ ಒಬ್ಬನನ್ನು ಅಟ್ಟಿಸಿಕೊಂಡು ಹೊಡೆಯುತ್ತಿದ್ದಾರೆ, ಕೆಳಗೆ ಕನ್ನಡದಲ್ಲಿ ಅಕ್ಷರ, ಇಂಥ ಕೋಮಿನವರು ಇಂಥ ಕಡೆ ಹೀಗೆ ಮಾಡಿದರು, ನಾಳೆ ನಿಮ್ಮೂರಿಗೂ ಬರುತ್ತಾರೆ. ಅಪ್ಪ ತಲೆ ಅಲ್ಲಾಡಿಸಿ "ಇವರದು ಅತೀ ಆತು" ಅಂದ. ನಾನು ನೋಡುತ್ತಿದ್ದಂತೆ ಅದನ್ನು ಸೋದರಮಾವನಿಗೆ ಕಳಿಸಿದ.

"ಇದಕ್ಕ ಮೂರು ಮಂದೀನ ಕೇಳಿದೇನು?" ಅಂದೆ.

"ಇದರಾಗ ಕೇಳೂದೇನೈತಿ, ಕಾಣಾಕತ್ತೈತಲ್ಲ."

ಒಂದು ಫ್ರೇಮ್ ತೆಗೆದು ಇಮೇಜ್ ಸರ್ಚ್ ಮಾಡಿದೆ. ಎರಡು ನಿಮಿಷವೂ ಬೇಕಾಗಲಿಲ್ಲ. ವಿಡಿಯೋ ನಮ್ಮ ದೇಶದ್ದೇ ಅಲ್ಲ, ಆರು ವರ್ಷ ಹಳೇದು. ತೋರಿಸಿದೆ. ಅಪ್ಪ ನೋಡಿದ, ಏನೂ ಅನ್ನಲಿಲ್ಲ.

ಹಿಂದಿನ ದೀಪಾವಳಿ ಹೊತ್ತಿಗೆ, 2024ರ ಅಕ್ಟೋಬರ್ ಕೊನೆಗೆ, ನಮ್ಮದೇ ಜಿಲ್ಲೆಯ ಸವಣೂರು ತಾಲೂಕಿನ ಕಡಕೋಳದಲ್ಲಿ, ಮನೆಗಳು ವಕ್ಫ್ ಆಸ್ತಿ ಆಗಿಬಿಡುತ್ತವೆ ಅನ್ನೋ ವದಂತಿಯ ಮೇಲೆ ರಾತ್ರಿ ಮುಸ್ಲಿಮರ ಮನೆಗಳಿಗೆ ಕಲ್ಲು ಬಿದ್ದಿತ್ತು. ಆ ವದಂತಿಗೆ ಯಾವ ವಿದೇಶಿ ಕೈಯೂ ಬೇಕಾಗಿರಲಿಲ್ಲ. ಕಟ್ಟೆ ಮೇಲೆ ಕೂತು ನನಗೆ ಅನ್ನಿಸಿದ್ದು ಇದು. ಅಪ್ಪ ದಡ್ಡನಲ್ಲ. ರೇಟಿನ ಸುಳ್ಳಿಗೆ ಬೆಲೆ ತೆರೋನು ಅಪ್ಪ, ಅದಕ್ಕೇ ಮೂರು ಫೋನ್ ಮಾಡಿದ. ಈ ಸುಳ್ಳಿಗೆ ಬೆಲೆ ತೆರೋರು ಇನ್ನೊಂದು ಓಣಿಯವರು. 2012ರಲ್ಲಿ ನಾನೂ ಒಂದೇ ಒಂದು ಫೋನ್ ಮಾಡಲಿಲ್ಲ. ನೀಲಸಂದ್ರದಲ್ಲಿ ನನ್ನ ಕಾಲೇಜಿನ ಗೆಳೆಯ ಇದ್ದ, ಅವನಿಗೆ ಕೇಳಬಹುದಿತ್ತು. ರೈಲು ಹತ್ತಬೇಕಾದವನು ನಾನಾಗಿದ್ದರೆ ಕೇಳುತ್ತಿದ್ದೆ.

ಆ ಕಥೆಯನ್ನು ಅವತ್ತು ಮೊದಲ ಸಲ ಅಪ್ಪನಿಗೆ ಹೇಳಿದೆ. ಮೆಸೇಜು, ಅಡುಗೆಮನೆ, ಆಟೋ, ಸ್ಟೇಷನ್ನು. ಅಪ್ಪನಿಗೆ ಪಾಕಿಸ್ತಾನದ ವಿಷಯದಲ್ಲಿ ಆಸಕ್ತಿ ಬರಲಿಲ್ಲ.

"ಪಗಾರ ಕೊಟ್ರೇನು ಅವಗ?"

"ಇಲ್ಲ."

"ನೀನರ ಕೊಟ್ಟೇನು?"

"ಇಲ್ಲ. ಆಟೋದ ರೊಕ್ಕ ಕೊಟ್ಟೆ."

"ಹೆಸರೇನು ಆ ಹುಡುಗಂದು?"

ನನಗೆ ಗೊತ್ತಿಲ್ಲ. ನಾವೆಲ್ಲ ಅವನನ್ನು ಭೈಯಾ ಅಂತಿದ್ವಿ, ಅವನೂ ನಮ್ಮನ್ನು ಭೈಯಾ ಅಂತಿದ್ದ. ಆಮೇಲೊಮ್ಮೆ ಆ ಕಡೆ ಹೋದಾಗ ನೋಡಿದೆ, ಪಿಜಿ ಇದ್ದಲ್ಲಿ ಮೊಬೈಲ್ ಅಂಗಡಿ ಇದೆ.

"ವರ್ಷಗಟ್ಲೆ ಅವನ ಕೈಯಾನ ಊಟ ಉಂಡು ಹೆಸರ ಕೇಳಲಿಲ್ಲ?" ಅಂದ ಅಪ್ಪ. ಬೈದ ದನಿಯಲ್ಲ ಅದು, ಅರ್ಥವಾಗದ ದನಿ.

ಸ್ವಲ್ಪ ಹೊತ್ತು ಬಿಟ್ಟು ಮಾವನಿಗೆ ಫೋನ್ ಹಚ್ಚಿದ. ಮೊದಲು ಬೋರ್‌ವೆಲ್ ಮೋಟಾರಿನ ಮಾತು, ಆಮೇಲೆ ಯಾರದೋ ಮದುವೆಯ ಮಾತು, ಕಾಯಿಯ ಮಾತು. ಇಡೋ ಹೊತ್ತಿಗೆ, "ಅದs, ಆ ವಿಡಿಯೋ ನಮ್ಮ ಕಡೇದಲ್ಲಂತ, ಹಳೇದಂತ, ನಮ್ಮ ಹುಡುಗ ತಗದು ತೋರಿಸಿದ. ನೀ ಯಾರಿಗೂ ಕಳಿಸಿಲ್ಲಲ್ಲ?" ಅಂದ.

ಮಾವ ಆಗಲೇ ಎರಡು ಗ್ರೂಪಿಗೆ ಹಾಕಿಯಾಗಿತ್ತು. ಅಪ್ಪ ಫೋನಿಟ್ಟು ಕಣಕ್ಕೆ ನಡೆದ, ಕಾಯಿ ತಿರುವಿ ಹಾಕೋ ಹೊತ್ತಾಗಿತ್ತು.